ಒಂದು ‘ಜೋರಿ’ಗೆ ಎಷ್ಟು ಇಂಗ್ಲಿಷ್ ಮಾತು

ನಾನು ಇಂಗ್ಲೆಂಡಿನ ಡರ್ಬಿಯಿಂದ ರಜೆಗೆಂದು ಮಂಡ್ಯಕ್ಕೆ ಬಂದಿದ್ದಾಗ ಅಕ್ಕನ ಮಗಳು ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟು, “ಮಾವ, ಇದನ್ನೊಂದು ಸಲ ನೋಡಿಕೊಡಿ” ಎಂದಳು. ಹೊರದೇಶಕ್ಕೆ ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಅಕಾಡೆಮಿಕ್ ವಿಭಾಗದಲ್ಲಿ ಬರವಣಿಗೆಯ ಮೊದಲ ಪ್ರಶ್ನೆಗೆ ಸಾಮಾನ್ಯವಾಗಿ ಒಂದು ಗ್ರಾಫನ್ನೋ ಕೋಷ್ಟಕವನ್ನೋ ಕೊಟ್ಟು, ಅದನ್ನು ಕನಿಷ್ಠ 150 ಪದಗಳಲ್ಲಿ ವಿವರಿಸಲು ಹೇಳುತ್ತಾರೆ. ಅದಕ್ಕೆಂದು ಅವಳು ‘ಹೆಚ್ಚಾಯಿತು’ ಎನ್ನುವುದಕ್ಕೆ ಸಿಕ್ಕ ಇಂಗ್ಲಿಷ್ ಪದಗಳನ್ನೆಲ್ಲ ಒಂದರ ಕೆಳಗೊಂದು ಬರೆದುಕೊಂಡು ಬಾಯಿಪಾಠ ಮಾಡಿದ್ದಳು. ಇನ್‌ಕ್ರೀಸ್, ರೈಸ್, ಸರ್ಜ್, ಸೋರ್, ಸ್ಕೈರಾಕೆಟ್, ಎಸ್ಕಲೇಟ್, ಎನ್‌ಹ್ಯಾನ್ಸ್ ಎಲ್ಲವೂ ಅವಳ ಲೆಕ್ಕದಲ್ಲಿ ಒಂದೇ. ಹಾಗಾಗಿ ಶೇ 2ರಷ್ಟು ಏರಿದ್ದ ಯಾವುದೋ ಬೆಲೆ ಅವಳ ಉತ್ತರದಲ್ಲಿ ರಾಕೆಟ್ಟಿನಂತೆ ಆಕಾಶಕ್ಕೆ ಚಿಮ್ಮಿತ್ತು.

ನಗುವ ಹಕ್ಕು ನನಗಿರಲಿಲ್ಲ. ಡರ್ಬಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಡವಿದ್ದೂ ಇಂಥ ಪದಗಳಲ್ಲಿಯೇ. ನಮ್ಮ ಕಡೆಯ ‘ಜೋರು’ ಎಂಬ ಒಂದೇ ಮಾತು ಎಷ್ಟು ಕೆಲಸ ಮಾಡುತ್ತದೆ ನೋಡಿ: ಮಳೆ ಜೋರಾಗುತ್ತದೆ, ಗಾಡಿ ಜೋರಾಗಿ ಓಡುತ್ತದೆ, ರೇಡಿಯೋ ಜೋರು ಮಾಡುತ್ತೇವೆ, ಆಲೆಮನೆಯಲ್ಲಿ ಕೊಪ್ಪರಿಗೆಯ ಕೆಳಗೆ ಕಬ್ಬಿನ ಸಿಪ್ಪೆ ಒಡ್ಡುವವನಿಗೆ “ಉರಿ ಜೋರು ಮಾಡು” ಎನ್ನುತ್ತೇವೆ, ವ್ಯಾಪಾರವೂ ಜೋರು, ಅತ್ತೆಯೂ ಜೋರು. ‘ಬಲ’ ಎಂಬ ಅರ್ಥದ ಪಾರಸಿ ಮಾತೊಂದು ನಮ್ಮಲ್ಲಿಗೆ ಬಂದು ವೇಗ, ಸದ್ದು, ಬಿಸಿ ಎಲ್ಲವನ್ನೂ ಹೊತ್ತುಕೊಂಡಿದೆ. ಇಂಗ್ಲಿಷಿನಲ್ಲಿ ಮಳೆಗೆ ಹೆವಿಯರ್, ಓಟಕ್ಕೆ ಫಾಸ್ಟರ್, ದನಿಗೆ ಲೌಡರ್ ಎಂದು ಬೇರೆಬೇರೆಯಾಗಿಯೇ ಹೇಳಬೇಕು. ಯಾವ ವಸ್ತು ಹೆಚ್ಚುತ್ತಿದೆ ಎಂಬುದನ್ನು ತಿಳಿಯದೆ ಪದ ಆರಿಸಲು ಆಗುವುದಿಲ್ಲ.

ಇದನ್ನು ವಿವರಿಸಲು ನಾನು ಮನೆಗೆ ಬಂದಿದ್ದ ಪತ್ರಿಕೆಯನ್ನೇ ತೆಗೆದೆ. ಜಲಾಶಯಗಳ ನೀರಿನ ಮಟ್ಟದ ಪಟ್ಟಿಯನ್ನು ಓದಲು ಮಂಡ್ಯದ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ನಮಗೆ ಮನೆಯ ಬಾಗಿಲ ನಂಬರಿನಷ್ಟೇ ಪರಿಚಿತ. ನೀರಿನ ಮಟ್ಟ ದಿನಕ್ಕಿಷ್ಟು ಏರಿದರೆ ಅದು ರೈಸ್. ಕೊಡಗಿನಲ್ಲಿ ಮಳೆ ಹಿಡಿದು ಒಳಹರಿವು ಒಂದೇ ರಾತ್ರಿಯಲ್ಲಿ ಹಲವು ಪಟ್ಟು ಆದರೆ ಅದು ಸರ್ಜ್. ಆ ಪದಕ್ಕೆ ನುಗ್ಗಿ ಬರುವ ದೊಡ್ಡ ಅಲೆ ಎಂಬ ಅರ್ಥವೂ ಇರುವುದರಿಂದ ಕಾವೇರಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಸೋರ್ ಎಂಬುದು ಹದ್ದಿನ ಹಾರಾಟದ ಮಾತಾದ್ದರಿಂದ ಬೆಲೆಗೆ, ತಾಪಮಾನಕ್ಕೆ ಸರಿ, ಅಣೆಕಟ್ಟೆಯ ನೀರಿಗೆ ಬೇಡ ಎಂದೆ. ಎನ್‌ಹ್ಯಾನ್ಸ್ ಆಗುವುದು ಹೆಚ್ಚಾಗಿ ಗುಣವೇ ಹೊರತು ಸಮಸ್ಯೆಯಲ್ಲ. “ಟ್ರಾಫಿಕ್ ಸಮಸ್ಯೆ ಎನ್‌ಹ್ಯಾನ್ಸ್ ಆಯಿತು” ಎಂದು ಬರೆದರೆ ಸಮಸ್ಯೆ ಇನ್ನಷ್ಟು ಸೊಗಸಾಯಿತು ಎಂದಂತಾಗುತ್ತದೆ.

ಅವಳ ಇನ್ನೊಂದು ತಪ್ಪು ಚಿಕ್ಕದಾದರೂ ಅಪಾಯಕಾರಿ. ನೀರು 118 ಅಡಿಯಿಂದ 120 ಅಡಿಗೆ ಏರಿತೆನ್ನಿ. ಕನ್ನಡದಲ್ಲಿ ‘2 ಅಡಿಯಷ್ಟು ಏರಿತು’, ‘120 ಅಡಿಗೆ ಏರಿತು’ ಎಂದು ‘ಅಷ್ಟು’ ಮತ್ತು ‘ಗೆ’ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬೈ ಮತ್ತು ಟು ಮಾಡುತ್ತವೆ. ಅವಳು ಟು ಇರಬೇಕಾದಲ್ಲಿ ಬೈ ಹಾಕಿ ನೀರನ್ನು 120 ಅಡಿಯಷ್ಟು ಮೇಲೆತ್ತಿದ್ದಳು. ಅಷ್ಟು ಏರಿದ್ದರೆ ಅಣೆಕಟ್ಟೆಯೂ ಇಲ್ಲ, ಬೃಂದಾವನವೂ ಇಲ್ಲ. ಏರು–ಏರಿಸು, ಹೆಚ್ಚು–ಹೆಚ್ಚಿಸು ಎಂದು ‘ಇಸು’ ಸೇರಿಸಿ ತಾನಾಗಿ ಆದದ್ದನ್ನೂ ಯಾರೋ ಮಾಡಿದ್ದನ್ನೂ ಬೇರ್ಪಡಿಸುವ ನಮಗೆ ರೈಸ್ ಮತ್ತು ರೇಜ್‌ಗಳ ಜೋಡಿ ಸುಲಭವಾಗಿ ಅರ್ಥವಾಗಬೇಕು: ನೀರು ರೈಸ್ ಆಗುತ್ತದೆ, ಗೇಟನ್ನು ರೇಜ್ ಮಾಡುತ್ತಾರೆ. ಇನ್‌ಕ್ರೀಸ್ ಮಾತ್ರ ಎರಡೂ ಕಡೆ ಸಲ್ಲುತ್ತದೆ.

ಎಸ್ಕಲೇಟ್ ಎಂಬ ಪದವನ್ನು ಕಂಡಾಗ ಮಾತ್ರ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಒಂದು ಬಿಡಿಭಾಗ ತಡವಾದಾಗ ನಾನು ಸಹೋದ್ಯೋಗಿಗೆ “ಇದನ್ನು ಎಸ್ಕಲೇಟ್ ಮಾಡುತ್ತೇನೆ” ಎಂದು ಇಮೇಲ್ ಬರೆದಿದ್ದೆ. ಕೆಲಸಕ್ಕೆ ವೇಗ ಕೊಡುತ್ತೇನೆ ಎಂಬುದು ನನ್ನ ಮನಸ್ಸಿನಲ್ಲಿದ್ದರೆ, ತನ್ನ ಮೇಲಿನವರಿಗೆ ದೂರು ಒಯ್ಯುತ್ತಾನೆ ಎಂದು ಆತ ತಿಳಿದ. ಒಂದು ವಾರ ಮಾತಿಲ್ಲ. ಈ ಕ್ರಿಯಾಪದ ಹುಟ್ಟಿದ್ದು ಮೇಲೇರುವ ಯಂತ್ರದ ಮೆಟ್ಟಿಲಿನಿಂದ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಓಟಿಸ್ ಕಂಪನಿ ತೋರಿಸಿದ ಎಸ್ಕಲೇಟರ್ ಆಗ ಒಂದು ವ್ಯಾಪಾರಮುದ್ರೆಯಾಗಿತ್ತು, 1950ರಲ್ಲಿ ಅಮೆರಿಕದಲ್ಲಿ ಆ ಹಕ್ಕು ಕಳೆದುಹೋಗಿ ಅದು ಎಲ್ಲರ ಮಾತಾಯಿತು. ಜಗಳ, ಯುದ್ಧ, ಖರ್ಚು ಇಂಥವು ಮೆಟ್ಟಿಲು ಮೆಟ್ಟಿಲಾಗಿ ಕೈಮೀರುವುದಕ್ಕೆ ಈಗ ಅದು ಹೆಚ್ಚಾಗಿ ಬಳಕೆಯಲ್ಲಿದೆ.

ನನಗೆ ಬೇಕಾಗಿದ್ದ ಪದ ಎಕ್ಸ್‌ಪಡೈಟ್. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಸಿಕ್ಕಿಕೊಂಡ ಕಾಲನ್ನು ಬಿಡಿಸುವುದು. ಅದರ ಎದುರುಪದ ಇಂಪೀಡ್‌ನಲ್ಲಿಯೂ ಕಾಲೇ ಇದೆ. ನಾವು ‘ಅಡ್ಡಗಾಲು ಹಾಕಿದ’ ಎನ್ನುವುದಕ್ಕೆ ಇಷ್ಟು ಹತ್ತಿರದ ಇಂಗ್ಲಿಷ್ ಮಾತು ನನಗೆ ಇನ್ನೊಂದು ಸಿಕ್ಕಿಲ್ಲ. ಆದರೆ ಎಕ್ಸ್‌ಪಡೈಟ್ ಆಗುವುದು ಅರ್ಜಿ, ಸಾಗಣೆ, ಕಡತ ಇಂಥವು. ಅಮ್ಮ ಅಡುಗೆಮನೆಯಿಂದ “ಬಿರ್ನೆ ಬನ್ನಿ, ಮುದ್ದೆ ಆರೋಯ್ತದೆ” ಎಂದು ಕೂಗುವುದಕ್ಕೆ ಹರಿ ಅಪ್ ಸಾಕು. ಇನ್ನು ನಮ್ಮ ‘ಗಾಡಿಗೆ ಪಿಕಪ್ ಇಲ್ಲ’ ಎಂಬ ಮಾತನ್ನು ಡರ್ಬಿಯ ಮೆಕ್ಯಾನಿಕ್‌ಗೆ ಹೇಳಿದರೆ ಆತ ಸರಕು ಸಾಗಿಸುವ ವಾಹನವನ್ನು ಹುಡುಕುತ್ತಾನೆ. ಪಿಕ್ ಅಪ್ ಸ್ಪೀಡ್ ಎಂದು ಕ್ರಿಯಾಪದವಾಗಿ ಹೇಳಿದರೆ ತೊಂದರೆಯಿಲ್ಲ. ಸಂಬಳದ ‘ಹೈಕ್’ ಬಗ್ಗೆ ಕೇಳಿದಾಗ ಒಬ್ಬರು ನನಗೆ ಪೀಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳ ಕಾಲುದಾರಿಯನ್ನು ವಿವರಿಸತೊಡಗಿದ್ದರು. ಹೈಕ್ ಎಂದರೆ ಅವರಿಗೆ ಮೊದಲು ನೆನಪಾಗುವುದು ದೂರದ ಕಾಲ್ನಡಿಗೆ; ಸಂಬಳದ ಏರಿಕೆಗೆ ಅಲ್ಲಿ ಪೇ ರೈಸ್ ಎನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಅತ್ಯಂತ ಸರಳವಾದ ಪದದಿಂದ. ಬುಧವಾರದ ಸಭೆಯನ್ನು ಎರಡು ದಿನ ಬ್ರಿಂಗ್ ಫಾರ್ವರ್ಡ್ ಮಾಡಲಾಗಿದೆ ಎಂಬ ಸಂದೇಶ ಬಂದಾಗ, ಕನ್ನಡದಲ್ಲಿ ಯೋಚಿಸುವ ನಾನು ಸಭೆ ‘ಮುಂದಕ್ಕೆ ಹೋಯಿತು’ ಎಂದುಕೊಂಡು ಶುಕ್ರವಾರ ಕಡತ ಹಿಡಿದು ಹೋದೆ. ಸಭೆ ಸೋಮವಾರವೇ ಮುಗಿದಿತ್ತು. ನಮಗೆ ಮುಂದೂಡುವುದೆಂದರೆ ತಡಮಾಡುವುದು, ಅವರಿಗೆ ಮುಂದೆ ತರುವುದೆಂದರೆ ಬೇಗ ಮಾಡುವುದು. ತಡಮಾಡುವುದಕ್ಕೆ ಅವರು ಪುಷ್ ಬ್ಯಾಕ್, ಅಂದರೆ ಹಿಂದಕ್ಕೆ ತಳ್ಳು, ಎನ್ನುತ್ತಾರೆ. ಈ ಗೊಂದಲ ನಮ್ಮ ನಾಡಿನ ‘ಪ್ರಿಪೋನ್’ ಎಂಬ ಪದದಲ್ಲಿ ಇಲ್ಲ. ಪೋಸ್ಟ್‌ಪೋನ್‌ಗೆ ಎದುರುಪದವಾಗಿ, ಮೊದಲೇ ನಡೆಸುವುದು ಎಂಬ ಅರ್ಥದಲ್ಲಿ ಭಾರತದಲ್ಲಿ ಬಳಕೆಯಲ್ಲಿರುವ ಅದು ನನ್ನ ಮಟ್ಟಿಗೆ ಹೆಚ್ಚು ಚೊಕ್ಕವಾದ ಪದ, ಆದರೆ ಡರ್ಬಿಯಲ್ಲಿ ಅದನ್ನು ಹೇಳಿದರೆ ಜನ ಮುಖ ನೋಡುತ್ತಾರೆ.

ಅಕ್ಕನ ಮಗಳು ಪ್ರಿಪೋನ್ ಪದವನ್ನು ಹೊಡೆದುಹಾಕಲು ಒಪ್ಪಲಿಲ್ಲ. ಅದರ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ‘ಮಂಡ್ಯಕ್ಕೆ ಮಾತ್ರ’ ಎಂದು ಬರೆದುಕೊಂಡಳು.