ಮಳೆಗಾಲದಲ್ಲೂ ಡೀಟೇಲಿಂಗ್ ಅಂಗಡಿಗೆ ಕೆಲಸ ಉಂಟು

ಹಿಮ ಬೀಳುವ ದೇಶಗಳಲ್ಲಿ ಕಾರ್ ಡೀಟೇಲಿಂಗ್, ಅಂದರೆ ಕಾರನ್ನು ಒಳಗೂ ಹೊರಗೂ ಕೂಲಂಕಷವಾಗಿ ತೊಳೆದು ಹೊಳಪು ಕೊಡುವ ಕೆಲಸ, ಮಾಡುವವರಿಗೆ ಚಳಿಗಾಲ ಅಂದರೆ ವ್ಯಾಪಾರ ಇಳಿಯುವ ಕಾಲ. ಮಂಗಳೂರಿನಲ್ಲಿ ಅಂಗಡಿ ಇಟ್ಟುಕೊಂಡಿರುವ ನಮಗೆ ಅದು ಜೂನ್‌ನಿಂದ ಸೆಪ್ಟೆಂಬರ್. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿದು. ಅದರ ಬಹುಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. "ಇವತ್ತು ತೊಳೆಸಿದರೆ ನಾಳೆ ಮತ್ತೆ ಕೆಸರು, ಎಂತ ಪ್ರಯೋಜನ ಅಣ್ಣಾ?" ಅಂತ ಗಿರಾಕಿ ಕೇಳುವುದು ಸಹಜ. ಅದರ ಮೇಲೆ ಆಟಿ ತಿಂಗಳು ಬೇರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನಲ್ಲಿ ಹೊಸ ಗಾಡಿ ಮನೆಗೆ ತರುವವರು ಕಡಿಮೆ. ಘಟ್ಟದ ಮೇಲಿನವರಿಗೆ ಆಷಾಢದ ಲೆಕ್ಕ. ಶೋರೂಮಿನಿಂದ ಗಾಡಿ ಹೊರಡದಿದ್ದರೆ ಪೇಂಟು ಕಾಯುವ ಸೆರಾಮಿಕ್ ಕೋಟಿಂಗ್, ಪಿಪಿಎಫ್ ಅನ್ನುವ ಪಾರದರ್ಶಕ ಫಿಲ್ಮು, ಎರಡಕ್ಕೂ ಬರುವವರಿಲ್ಲ. ನಮ್ಮ ದೊಡ್ಡ ಬಿಲ್ಲುಗಳೆಲ್ಲ ಅಲ್ಲಿಂದಲೇ ಬರುವಂಥವು.

ಇಂಥ ಹೊತ್ತಿನಲ್ಲಿ ಹಲವರು ಮೊದಲು ರೇಟು ಇಳಿಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಳಪು ಬೇಡ ಅನ್ನುವವರಿಗೆ ಅರ್ಧ ಬೆಲೆಯ ಹೊಳಪೂ ಬೇಡವೇ. ಆದರೆ ಅಕ್ಟೋಬರಿನಲ್ಲಿ ಅದೇ ಅರ್ಧ ಬೆಲೆ ನೆನಪಿಟ್ಟುಕೊಂಡು ಬರುತ್ತಾರೆ. ಮಳೆ ಬಂತೆಂದು ಕಾರಿನಲ್ಲಿ ಕೆಲಸ ಕಡಿಮೆಯಾಗುವುದಿಲ್ಲ, ಕೆಲಸದ ಜಾಗ ಬದಲಾಗುತ್ತದೆ. ಬೇಸಿಗೆಯಲ್ಲಿ ಬಾನೆಟ್ಟಿನ ಮೇಲಿದ್ದದ್ದು ಈಗ ಸೀಟಿನ ಅಡಿಯಲ್ಲಿ, ಕಾರ್ಪೆಟ್ಟಿನ ಕೆಳಗಿನ ಫೋಮಿನಲ್ಲಿ, ಎಸಿಯ ಒಳಗೆ ಇರುತ್ತದೆ. ಈ ನಾಲ್ಕು ತಿಂಗಳು ನಾವು ಮಾರಬೇಕಾದದ್ದು ಒಣಗಿದ ಕಾರು. ಬೋರ್ಡಿನಲ್ಲೂ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲೂ "ಪಾಲಿಶ್" ತೆಗೆದು "ಬೂಸ್ಟು, ವಾಸನೆ, ಸೋರಿಕೆ" ಅಂತ ಹಾಕಿದರೆ ಬರುವ ಫೋನುಗಳೇ ಬೇರೆ.

ಬೂಸ್ಟಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕರಾವಳಿಯಲ್ಲಿ ಅದು ಬರದ ಕಾರು ಇಲ್ಲ. ವಾರಗಟ್ಟಲೆ ಮುಚ್ಚಿಟ್ಟ ಕಾರಿನ ಬಾಗಿಲು ತೆಗೆದರೆ ಸ್ಟೀರಿಂಗ್, ಗೇರ್ ನಾಬ್, ಸೀಟಿನ ಅಂಚು, ಸೀಟ್‌ಬೆಲ್ಟ್, ಎಲ್ಲದರ ಮೇಲೂ ಬಿಳಿ ಪುಡಿ. ಬೆವರು, ಎಣ್ಣೆ, ತಿಂಡಿಯ ಚೂರು ತಾಗಿದ ಕಡೆಯೆಲ್ಲ ಮೊದಲು ಅದು. ಒಣ ಬಟ್ಟೆಯಲ್ಲಿ ಉಜ್ಜಿದರೆ ಆ ಪುಡಿ ಕಾರು ತುಂಬ ಹಾರಿ ಇನ್ನಷ್ಟು ಕಡೆ ಕೂರುತ್ತದೆ. ಆದ್ದರಿಂದ ನಮ್ಮಲ್ಲಿ ಮಾಸ್ಕ್ ಹಾಕಿ ಮೊದಲು ವ್ಯಾಕ್ಯೂಮ್, ಆಮೇಲೆ ಕ್ಲೀನರ್ ಹಾಕಿದ ಒದ್ದೆ ಮೈಕ್ರೋಫೈಬರ್ ಬಟ್ಟೆ, ಬಟ್ಟೆಯ ಸೀಟಾದರೆ ಸ್ಟೀಮ್ ಮತ್ತು ಎಕ್ಸ್‌ಟ್ರಾಕ್ಟರ್ (ನೀರು ಚಿಮ್ಮಿಸಿ ಕೊಳೆ ಸಮೇತ ಹೀರುವ ಮಷೀನ್). ಕೊನೆಯ ಹಂತವೇ ಮುಖ್ಯ: ಬಾಗಿಲು ಮುಚ್ಚಿ ಒಳಗೆ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟು ರಾತ್ರಿಯಿಡೀ ಓಡಿಸುವುದು. ಬೆಳಿಗ್ಗೆ ಅದರ ಟ್ಯಾಂಕಿನಲ್ಲಿ ತುಂಬಿದ ನೀರನ್ನು ಗಿರಾಕಿಗೆ ತೋರಿಸಿದರೆ ಮತ್ತೆ ವಿವರಿಸುವ ಅಗತ್ಯ ಇರುವುದಿಲ್ಲ. ಒದ್ದೆ ಇರುವಾಗಲೇ ಮೇಲೆ ಹೊಳೆಯುವ ಡ್ರೆಸ್ಸಿಂಗ್ ಬಳಿದು ಕಳಿಸುವವರಿದ್ದಾರೆ. ಹಾಗೆ ಹೋದ ಕಾರು ಹದಿನೈದು ದಿನದೊಳಗೆ ಅದೇ ವಾಸನೆ ಹೊತ್ತು ಬರುತ್ತದೆ, ಅಥವಾ ಬೇರೆ ಅಂಗಡಿಗೆ ಹೋಗುತ್ತದೆ.

ಸೀಟ್‌ಬೆಲ್ಟಿನ ಬಗ್ಗೆ ಹುಡುಗರಿಗೆ ಪ್ರತಿ ಜೂನ್‌ನಲ್ಲೂ ಹೇಳುತ್ತೇನೆ. ಪೂರ್ತಿ ಹೊರಗೆ ಎಳೆದು, ಕ್ಲಿಪ್ಪು ಹಾಕಿ ನಿಲ್ಲಿಸಿ, ಮೆದು ಶಾಂಪೂವಿನಲ್ಲಿ ತೊಳೆಯಬೇಕು. ಬ್ಲೀಚ್ ಮುಟ್ಟಿಸಬಾರದು, ನೂಲಿನ ಬಲ ಹೋಗುತ್ತದೆ. ಪೂರ್ತಿ ಒಣಗದೆ ಒಳಗೆ ಬಿಡಲೂಬಾರದು. ಜೀವ ಉಳಿಸುವ ಪಟ್ಟಿ ಅದು.

ಈಗ ನಮ್ಮ ಊರಿಗೇ ಸೇರಿದ ಒಂದು ಕೆಲಸ. ದುಬೈ, ಕುವೈತ್, ದೋಹಾದಲ್ಲಿ ದುಡಿಯುವವರ ಮನೆ ಇಲ್ಲಿ ಬೀದಿಗೊಂದು ಸಿಗುತ್ತದೆ. ಅಂಗಳದ ಶೆಡ್ಡಿನಲ್ಲಿ ಕವರ್ ಹೊದ್ದ ಕಾರು, ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಓಡಿಸುವವರಿಲ್ಲ. ಗಲ್ಫಿನ ಶಾಲೆಗಳಿಗೆ ಜುಲೈ, ಆಗಸ್ಟಿನಲ್ಲಿ ರಜೆ. ಅಂದರೆ ಮಳೆ ಜೋರಾಗಿರುವಾಗಲೇ ಸಂಸಾರ ಸಮೇತ ಊರಿಗೆ ಬಂದು ಕಾರು ತೆಗೆಯುತ್ತಾರೆ. ಬ್ಯಾಟರಿ ಸತ್ತಿರುತ್ತದೆ, ಒಳಗೆ ಬೂಸ್ಟು, ಬಾನೆಟ್ಟಿನಡಿ ಇಲಿ ಕಡಿದ ವಯರು. ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗಿದ್ದರೆ ಹಿಂದಿನ ಡ್ರಮ್ಮಿಗೆ ಬ್ರೇಕ್ ಶೂ ಅಂಟಿ ಚಕ್ರವೇ ತಿರುಗುವುದಿಲ್ಲ. ರಜೆಯ ಮೊದಲ ವಾರ ಗ್ಯಾರೇಜಿನಲ್ಲೇ ಕಳೆಯುತ್ತದೆ.

ಇವರಿಗಾಗಿ ನಾವು ತಿಂಗಳ ಲೆಕ್ಕದ "ಶೆಡ್ ಕಾರು" ಸೇವೆ ಇಟ್ಟೆವು. ಹದಿನೈದು ದಿನಕ್ಕೊಮ್ಮೆ ಹುಡುಗ ಮನೆಗೆ ಹೋಗುತ್ತಾನೆ. ಕವರ್ ತೆಗೆದು ಬಾಗಿಲೆಲ್ಲ ತೆರೆದಿಡುತ್ತಾನೆ, ಇಂಜಿನ್ ಬಿಸಿಯಾಗುವವರೆಗೆ ಓಡಿಸಿ ಎಸಿ ಹಾಕುತ್ತಾನೆ, ಕಾರನ್ನು ಸ್ವಲ್ಪ ಮುಂದೆ ಹಿಂದೆ ಮಾಡಿ ಟಯರಿನ ಗಾಳಿ ನೋಡುತ್ತಾನೆ, ಸೀಟು ಸ್ಟೀರಿಂಗ್ ಒರೆಸುತ್ತಾನೆ. ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಎಲ್ಲದರ ವಿಡಿಯೋ ಮಾಲೀಕರಿಗೆ ವಾಟ್ಸ್ಯಾಪ್‌ನಲ್ಲಿ ಹೋಗುತ್ತದೆ. ದೂರದಲ್ಲಿ ಕೂತವರಿಗೆ ತಮ್ಮ ಅಂಗಳದ ವಿಡಿಯೋ ನೋಡುವುದೇ ಒಂದು ಖುಷಿ. ಕೆಲವರು ಕಾರು ಬಿಟ್ಟು "ತೆಂಗಿನ ಮರ ತೋರಿಸು ಮಾರಾಯಾ" ಅನ್ನುತ್ತಾರೆ. ಮಳೆ ಎಷ್ಟೇ ಬರಲಿ, ಈ ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತದೆ. ಒಮ್ಮೆ ನಂಬಿಕೆ ಕೂತರೆ ಹೊಸ ಕಾರಿನ ಕೋಟಿಂಗೂ ನಮ್ಮಲ್ಲೇ.

ಮೂರನೆಯದು ನೀರು ಒಳಬರುವ ತೊಂದರೆ. "ಕಾಲಡಿ ಒದ್ದೆ, ಎಲ್ಲಿಂದ ಅಂತ ಗೊತ್ತಿಲ್ಲ" ಅಂತ ಬಂದ ಕಾರಿನಲ್ಲಿ ನಾವು ಮೊದಲು ನೋಡುವುದು ವೈಪರಿನ ಕೆಳಗಿನ ಕಪ್ಪು ಪ್ಲಾಸ್ಟಿಕ್ಕಿನ ಅಡಿ. ಮಾವು, ಹಲಸಿನ ಮರದಡಿ ನಿಲ್ಲುವ ಗಾಡಿಯಾದರೆ ಅಲ್ಲಿ ಎಲೆ ಕೊಳೆತು ನೀರು ಹೋಗುವ ತೂತು ಕಟ್ಟಿರುತ್ತದೆ, ನೀರು ಬ್ಲೋವರ್ ದಾರಿ ಹಿಡಿದು ಒಳಗಿಳಿಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲೂ ತೂತುಗಳಿವೆ. ಕೆಸರು ತುಂಬಿದರೆ ಬಾಗಿಲೊಳಗೆ ನೀರು ಅಲ್ಲಾಡುವ ಸದ್ದು ಕೇಳುತ್ತದೆ. ಈಗ ಸಣ್ಣ ಗಾಡಿಗೂ ಸನ್‌ರೂಫ್ ಬಂದ ಮೇಲೆ ಇನ್ನೊಂದು ಕೆಲಸ ಸೇರಿದೆ. ಸನ್‌ರೂಫಿನ ಮೂಲೆಗಳಿಂದ ಪಿಲ್ಲರಿನೊಳಗೆ ಸಣ್ಣ ಪೈಪು ಇಳಿದಿರುತ್ತದೆ. ಒಂದು ಲೋಟ ನೀರನ್ನು ಮೆಲ್ಲಗೆ ಹೊಯ್ದು ಕೆಳಗೆ ಬರುತ್ತದೋ ನೋಡಬೇಕು. ಕಂಪ್ರೆಸರ್ ಗಾಳಿ ಜೋರಾಗಿ ಬಿಟ್ಟರೆ ಪೈಪು ಒಳಗೇ ಕಳಚಿಕೊಳ್ಳಬಹುದು, ಆಮೇಲೆ ಚಾವಣಿಯ ಬಟ್ಟೆ ಬಿಚ್ಚಬೇಕಾಗುತ್ತದೆ.

ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಫೋಮು ನೀರು ಹಿಡಿದಿರುತ್ತದೆ, ಸೀಟು ಬಿಚ್ಚದೆ ಅದು ಒಣಗುವುದಿಲ್ಲ. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ತೆಗೆದು, ಕೆಲವು ನಿಮಿಷ ಕಾದು ಆಮೇಲಷ್ಟೇ ಬಿಚ್ಚಬೇಕು. ಈ ಕೆಲಸ ಗೊತ್ತಿಲ್ಲದವರ ಕೈಗೆ ಕೊಡಬೇಡಿ, ಎಷ್ಟೇ ಅರ್ಜೆಂಟಿರಲಿ.

ಗಾಜಿನ ಕೆಲಸ ಸಣ್ಣದು, ಆದರೆ ಹೊಸ ಗಿರಾಕಿಯನ್ನು ಒಳಗೆ ತರುವುದು ಅದೇ. ರಾತ್ರಿ ಮಳೆಯಲ್ಲಿ ಶಿರಾಡಿ ಘಾಟಿ ಇಳಿದು ಬಂದವರಿಗೆ ಎದುರಿನ ಲಾರಿಯ ಲೈಟು ಗಾಜಿನ ಮೇಲೆ ಹರಡಿ ರಸ್ತೆ ಕಾಣದ ಕಷ್ಟ ಏನೆಂದು ಗೊತ್ತು. ಗಾಜು ಉಜ್ಜುವ ಸೀರಿಯಂ ಆಕ್ಸೈಡ್ ಪುಡಿ ಹಾಕಿ ಎಣ್ಣೆಯ ಪದರ ತೆಗೆದು ನೀರು ಜಾರುವ ಕೋಟಿಂಗ್ ಕೊಟ್ಟು, ವೈಪರ್ ಬ್ಲೇಡ್ ಬದಲಿಸಿದರೆ ಅವತ್ತು ರಾತ್ರಿಯೇ ವ್ಯತ್ಯಾಸ ಕಾಣುತ್ತದೆ. ಹಳದಿಯಾದ ಹೆಡ್‌ಲೈಟೂ ಹಾಗೆಯೇ: ಮರಳು ಕಾಗದದಲ್ಲಿ ಹಂತ ಹಂತವಾಗಿ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹಾಕಲೇಬೇಕು. ಬರೀ ಪಾಲಿಶ್ ಮಾಡಿ ಕಳಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ.

ಕೆಲವು ಕೆಲಸ ಬಂದರೂ ನಾನು ಒಪ್ಪಿಕೊಳ್ಳುವುದಿಲ್ಲ. ಅಡಿಭಾಗ ಪೂರ್ತಿ ಒಣಗದೆ ಆಂಟಿ ರಸ್ಟ್ ಕೋಟಿಂಗ್ ಹೊಡೆದರೆ ತೇವ ಒಳಗೇ ಸಿಕ್ಕಿ ತುಕ್ಕು ಬೆಳೆಯುತ್ತದೆ. ಸಮುದ್ರದ ಉಪ್ಪುಗಾಳಿ ಇರುವ ಊರಿನಲ್ಲಿ ಅದು ಇನ್ನೂ ಬೇಗ. ಅದನ್ನು ಮೇ ತಿಂಗಳಿಗೇ ಬುಕ್ ಮಾಡಿಸುತ್ತೇವೆ. ಮಳೆಗಾಲದಲ್ಲಿ ಬಂದವರಿಗೆ ಅಡಿಭಾಗದ ಕೆಂಪು ಕೆಸರು ತೊಳೆದು ಕೊಡುತ್ತೇವೆ, ಕೋಟಿಂಗ್ ಬೇಕೇ ಬೇಕೆಂದರೆ ಕಾರು ಎರಡು ದಿನ ನಮ್ಮಲ್ಲೇ ಒಣಗಬೇಕು. ಸೆರಾಮಿಕ್ಕೂ ಅಷ್ಟೇ: ತೇವದ ಗಾಳಿಯಲ್ಲಿ ಕೋಟಿಂಗ್ ಕೂರುವ ರೀತಿಯೇ ಬೇರೆ, ಒರೆಸುವ ಹೊತ್ತು ತಪ್ಪಿದರೆ ಕಲೆ ನಿಲ್ಲುತ್ತದೆ. ಮುಚ್ಚಿದ ಬೇಯಲ್ಲಿ (ಕಾರು ನಿಲ್ಲಿಸಿ ಕೆಲಸ ಮಾಡುವ ಜಾಗ) ಡಿಹ್ಯುಮಿಡಿಫೈಯರ್ ಹಾಕಿ ಮಾಡಿ, ಕನಿಷ್ಠ 24 ಗಂಟೆ ಕಾರು ಹೊರಗೆ ಬಿಡುವುದಿಲ್ಲ.

ನೆರೆ ನೀರಿನಲ್ಲಿ ನಿಂತ ಕಾರು ಬಂದರೆ ಕ್ಲೀನಿಂಗ್ ಆಮೇಲೆ. ಫೋನಿನಲ್ಲೇ ಹೇಳುತ್ತೇವೆ: ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ, ಎಲ್ಲ ಕಡೆಯಿಂದ ಫೋಟೋ ತೆಗೆದು ಮೊದಲು ಇನ್ಶೂರೆನ್ಸಿನವರಿಗೆ ತಿಳಿಸಿ. ನೀರು ಹೊಕ್ಕ ಇಂಜಿನ್ ತಿರುಗಿಸಿದರೆ ಆಗುವ ಹಾನಿಗೆ ಇಂಜಿನ್ ಪ್ರೊಟೆಕ್ಷನ್ ಸೇರಿಸದ ಪಾಲಿಸಿಗಳಲ್ಲಿ ಹೆಚ್ಚಾಗಿ ದುಡ್ಡು ಸಿಗುವುದಿಲ್ಲ. ಸರ್ವೆಯರ್ ನೋಡಿಹೋಗುವ ಮೊದಲು ನಾವು ಒಂದು ಮ್ಯಾಟೂ ತೆಗೆಯುವುದಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ಹುಡುಗರಿಗಾಗಿ. ಪಾಲಿಶಿಂಗ್ ಮಷೀನ್ ಪೇಂಟು ಸುಡದೆ ಹಿಡಿಯಲು ಕಲಿಯುವುದಕ್ಕೆ ತಿಂಗಳುಗಳು ಬೇಕು. ಜೂನ್‌ನಲ್ಲಿ "ಕೆಲಸ ಇಲ್ಲ, ಚೌತಿಗೆ ಬನ್ನಿ" ಅಂತ ಕಳಿಸಿದರೆ ಬೇರೆ ಕೆಲಸ ಹಿಡಿಯುತ್ತಾರೆ, ನವರಾತ್ರಿಯಲ್ಲಿ ಆಯುಧ ಪೂಜೆಗೆ ಕಾರುಗಳು ಸಾಲುಗಟ್ಟಿದಾಗ ಕೈ ಇರುವುದಿಲ್ಲ. ಪೂರ್ತಿ ಸಂಬಳ ಕೊಡಬೇಕೆಂದರೆ ಬೇಯಲ್ಲಿ ದಿನವೂ ಕಾರು ಇರಬೇಕು. ಅದಕ್ಕೇ ಹಳೆ ಕಾರು ಮಾರುವ ಡೀಲರುಗಳನ್ನು ಈ ಸಮಯದಲ್ಲೇ ಹಿಡಿಯುತ್ತೇವೆ. ಆಟಿ ಮುಗಿಯುತ್ತಲೇ ಬರುವ ಗಿರಾಕಿಗಳಿಗೆ ಅವರ ಗಾಡಿಗಳೂ ತಯಾರಾಗಬೇಕಲ್ಲ. ಲಾಭ ತೆಳ್ಳಗೆ, ಆದರೆ ಮಳೆ ಜೋರಿದ್ದ ದಿನ ಆ ಕಾರುಗಳ ಮೇಲೆ ಹೊಸ ಹುಡುಗರು ಹಿರಿಯರ ಜತೆ ನಿಂತು ಕಲಿಯುತ್ತಾರೆ. ಒದ್ದೆ ನೆಲದಲ್ಲಿ ಕರೆಂಟಿನ ಕೆಲಸ ಆದ್ದರಿಂದ ಜೂನ್‌ಗೆ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್, ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಎರಡೂ ಪರೀಕ್ಷೆ ಮಾಡಿಸುತ್ತೇವೆ.

ಉಳಿದ ತಯಾರಿಯೂ ಮೇ ತಿಂಗಳಲ್ಲೇ. ಕೈಯಲ್ಲಿ ದುಡ್ಡು ಓಡಾಡುವ ಆ ಹೊತ್ತಿಗೆ ಮಳೆಗಾಲದ ಪಾಸ್ ಮಾರುತ್ತೇವೆ: ನಾಲ್ಕು ವಾಶಿನ ದುಡ್ಡಿಗೆ ಐದು, ಒಂದು ಸಲ ಡ್ರೈನ್ ತೂತುಗಳ ತಪಾಸಣೆ, ಒಂದು ಸಲ ಎಸಿಯ ಕ್ಯಾಬಿನ್ ಫಿಲ್ಟರ್ ನೋಡಿಕೊಡುವುದು. ಪಾಸ್ ಇದ್ದವರು ದುಡ್ಡು ಕೊಟ್ಟಾಗಿದೆ ಅಂತಲಾದರೂ ಮಳೆಯಲ್ಲೂ ಬರುತ್ತಾರೆ. ಬಂದಾಗಲೇ ಬೂಸ್ಟು, ಸೋರಿಕೆ ಕಣ್ಣಿಗೆ ಬೀಳುತ್ತದೆ, ಅದರ ಕೆಲಸ ಬೇರೆ ಸಿಗುತ್ತದೆ. ಐದನೆಯ ವಾಶಿಗೆ ಬಂದವರಿಗೆ ನವರಾತ್ರಿಯ ಬುಕಿಂಗ್ ದಿನವನ್ನು ಮೊದಲು ಆಯ್ದುಕೊಳ್ಳುವ ಅವಕಾಶ ಕೊಡುತ್ತೇವೆ, ಹೊರಗಿನವರಿಗೆ ಬುಕಿಂಗ್ ತೆರೆಯುವುದು ಚೌತಿ ಕಳೆದ ಮೇಲೆ.