ಜೇಬಿನಲ್ಲೊಂದು 10 ನಂಬರ್ ಸ್ಪ್ಯಾನರ್

ಬೆಳಗ್ಗೆ ಐದೂವರೆಗೆ ನಾವು ಕಣ್ಣುಜ್ಜಿಕೊಂಡು ಬೋಟ್‌ಹೌಸ್‌ಗೆ ಹೋಗುವಷ್ಟರಲ್ಲಿ ಬಾಗಿಲು ತೆಗೆದಿರುತ್ತಿತ್ತು. ಒಳಗೆ ಒಂದೇ ದೀಪ. ಅದರ ಕೆಳಗೆ ಬಿಳಿಗೂದಲಿನ ಒಬ್ಬರು ಮಂಡಿಯೂರಿ ಕೂತಿರುತ್ತಿದ್ದರು. ದೋಣಿಯ ಪಕ್ಕಕ್ಕೆ ಚಾಚಿಕೊಂಡಿರುವ ರಿಗ್ಗರ್‌ಗಳ ನಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡೋದು, ಸಡಿಲ ಇದ್ದರೆ ಜೇಬಿನಿಂದ 10 ನಂಬರ್ ಸ್ಪ್ಯಾನರ್ ತೆಗೆದು ಬಿಗಿ ಮಾಡೋದು. ಎಂಟನೇ ಕ್ಲಾಸಿನಲ್ಲಿ ಶಾಲೆಯ ರೋಯಿಂಗ್ ಕ್ಲಬ್ಬಿಗೆ ಸೇರಿದಾಗ, ಇವರು ಸಂಬಳಕ್ಕೆ ಇರುವವರು ಅಂದುಕೊಂಡಿದ್ದೆ. ಇದೇ ಶಾಲೆಯಲ್ಲಿ ಓದಿದವರು, ತಮ್ಮ ಕಾಲದಲ್ಲಿ ಸ್ಟ್ರೋಕ್ ಸೀಟಿನಲ್ಲಿ ಕೂತು ಇಡೀ ದೋಣಿಗೆ ಲಯ ಹಿಡಿದವರು ಅಂತ ಗೊತ್ತಾಗಿದ್ದು ಒಂದು ತಿಂಗಳಾದ ಮೇಲೆ. ಆಮೇಲೆ ನಾವೆಲ್ಲ ಅವರನ್ನು ಸರ್ ಅಂತ ಕರೆಯುತ್ತಿದ್ದೆವು. ಅವರು ನಮಗೆ ಯಾವತ್ತೂ ಪಾಠ ಮಾಡಿದವರಲ್ಲ.

ಎಂಟು ಜನರ ದೋಣಿ ಅಂದರೆ ಸುಮಾರು 17 ಮೀಟರ್ ಉದ್ದ. ಸ್ಪರ್ಧೆಗೆ ಇಳಿಸುವ ದೋಣಿ ಕನಿಷ್ಠ 96 ಕಿಲೋ ಇರಬೇಕು ಅಂತ ಅಂತರರಾಷ್ಟ್ರೀಯ ನಿಯಮವಿದೆ. ನಮ್ಮ ಹಳೆಯ ಮರದ ದೋಣಿ ಅದಕ್ಕಿಂತ ಜಾಸ್ತಿಯೇ ತೂಗುತ್ತಿತ್ತು. ಹುಟ್ಟು ಹಾಕದೆ ದೋಣಿಗೆ ದಿಕ್ಕು ಹಿಡಿದು ಕೂಗಿ ಹೇಳುವ ಕಾಕ್ಸ್ 'ಹೆಗಲಿಗೆ' ಅಂದ ತಕ್ಷಣ ಎಂಟೂ ಜನ ಒಟ್ಟಿಗೆ ಎತ್ತಬೇಕು. ಒಬ್ಬ ಹಿಂದೆ ಬಿದ್ದರೂ ಭಾರ ಪಕ್ಕದವನ ಮೇಲೆ ಬೀಳುತ್ತದೆ. ಅಷ್ಟು ಉದ್ದದ ದೋಣಿಯ ತಳ ಮಾತ್ರ ತುಂಬಾ ತೆಳು. ಕಾಲಿಡುವುದಕ್ಕೆ ಒಂದು ಜಾಗ ಅಂತ ಇದೆ. ಬೇರೆ ಕಡೆ ಇಟ್ಟರೆ ತಳವೇ ಸೀಳಿಹೋಗುತ್ತದೆ. ಮೊದಲ ವಾರ ನಾವು ಕಲಿತಿದ್ದು ಇಷ್ಟೇ: ದೋಣಿ ಎತ್ತೋದು, ಇಳಿಸೋದು, ಒರೆಸೋದು.

ಹುಟ್ಟು ಹಾಕುವುದು ತೋಳಿನ ಕೆಲಸ ಅಂತ ನೋಡಿದವರು ತಿಳಿಯುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಸೀಟಿನ ಕೆಳಗೆ ಗಾಲಿ ಇದೆ, ಅದು ಸ್ಲೈಡ್ ಅನ್ನುವ ಹಳಿಯ ಮೇಲೆ ಹಿಂದೆ ಮುಂದೆ ಓಡುತ್ತದೆ. ಮೊದಲು ಕಾಲು ಒದೆಯಬೇಕು, ಆಮೇಲೆ ಬೆನ್ನು, ಕೊನೆಗೆ ತೋಳು. ವಾಪಸ್ ಬರುವಾಗ ಇದೇ ಉಲ್ಟಾ. ಕಷ್ಟ ಇರುವುದು ಈ ವಾಪಸ್ ಬರುವುದರಲ್ಲೇ. ಹುಡುಗರಿಗೆ ಅವಸರ ಅಲ್ವಾ, ಸೀಟನ್ನು ದಡಬಡ ಎಳೆದುಕೊಂಡು ಬರುತ್ತಿದ್ದೆವು. ಸರ್ ದಡದಿಂದ ಕೂಗುತ್ತಿದ್ದರು: 'ದೋಣಿ ಓಡ್ತಾ ಇದೆ ಕಣ್ರೋ, ಅದನ್ನ ಓಡೋಕೆ ಬಿಡಿ!' ಎರಡು ವರ್ಷ ಆದ ಮೇಲೆ ಒಂದು ದಿನ ನಿಜವಾಗಲೂ ಬಿಟ್ಟೆವು. ಎಂಟು ಹುಟ್ಟೂ ಒಟ್ಟಿಗೆ ನೀರಿನಿಂದ ಎದ್ದವು. ದೋಣಿಯ ತಳದಲ್ಲಿ ನೀರಿನ ಗುಳ್ಳೆಗಳು ಗುಳುಗುಳು ಅಂತ ಹರಿದುಹೋಗುವ ಸದ್ದು ಕೇಳಿಸಿತು. ಯಾರೂ ಮಾತಾಡಲಿಲ್ಲ. ಆ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಮಳೆ ಬಂದು ನೀರಿಗೆ ಇಳಿಯಲಾಗದ ದಿನ ಸರ್ ಕಥೆ ಹೇಳುತ್ತಿದ್ದರು. ಆಕ್ಸ್‌ಫರ್ಡ್, ಕೇಂಬ್ರಿಜ್ ನಡುವಿನ ದೋಣಿ ಪಂದ್ಯ ಶುರುವಾಗಿದ್ದು 1829ರಲ್ಲಿ. ಅದನ್ನು ಹುಟ್ಟುಹಾಕಿದ ಚಾರ್ಲ್ಸ್ ವರ್ಡ್ಸ್‌ವರ್ತ್ ಮತ್ತು ಚಾರ್ಲ್ಸ್ ಮೆರಿವೇಲ್ ಇಬ್ಬರೂ ಹ್ಯಾರೋ ಶಾಲೆಯಲ್ಲಿ ಒಟ್ಟಿಗೆ ಓದಿದವರು. ಒಬ್ಬರು ಆಕ್ಸ್‌ಫರ್ಡಿಗೆ ಹೋದರು, ಇನ್ನೊಬ್ಬರು ಕೇಂಬ್ರಿಜ್‌ಗೆ. 'ನೋಡಿ, ಅಷ್ಟು ದೊಡ್ಡ ಪಂದ್ಯದ ಬುಡದಲ್ಲಿ ಇರೋದು ಇಬ್ಬರು ಹಳೇ ವಿದ್ಯಾರ್ಥಿಗಳು' ಅನ್ನುವಾಗ ಸರ್ ಮುಖ ಅರಳುತ್ತಿತ್ತು.

ನಮ್ಮ ಕ್ಲಬ್ಬಿನ ಬುಡದಲ್ಲೂ ಹಳೇ ವಿದ್ಯಾರ್ಥಿಗಳೇ ಇದ್ದರು. ಪಂದ್ಯದ ದಿನ ದೋಣಿಗಳನ್ನು ಟ್ರೇಲರ್‌ಗೆ ಕಟ್ಟಿ ಗಾಡಿ ಓಡಿಸುವವರೊಬ್ಬರು. ಸ್ಟಾಪ್‌ವಾಚ್ ಹಿಡಿದು ದಡದಲ್ಲಿ ನಿಲ್ಲುವ ಅಕ್ಕ ಒಬ್ಬರು, ಅವರು ನಮ್ಮ ಶಾಲೆಯ ಮೊದಲ ಹುಡುಗಿಯರ ತಂಡದಲ್ಲಿದ್ದವರು. ಒಲಿಂಪಿಕ್ಸ್‌ನಲ್ಲೇ ಹೆಂಗಸರಿಗೆ ರೋಯಿಂಗ್ ಬಂದಿದ್ದು 1976ರಲ್ಲಿ, ಅದೂ ಗಂಡಸರ ಅರ್ಧ ದೂರಕ್ಕೆ, 1000 ಮೀಟರ್. ಇದನ್ನು ಅಕ್ಕ ನಮಗೆ ಮರೆಯಲು ಬಿಡುತ್ತಲೇ ಇರಲಿಲ್ಲ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಬಂದ ಕಾರ್ಬನ್ ಫೈಬರ್ ದೋಣಿಗೂ ದುಡ್ಡು ಕೂಡಿಸಿದ್ದು ಹಳೆಯ ವಿದ್ಯಾರ್ಥಿಗಳೇ. ದೋಣಿಯ ಮೇಲೆ ಯಾರ ಹೆಸರೂ ಬೇಡ, ಶಾಲೆಯ ಹೆಸರು ಸಾಕು ಅಂದರಂತೆ. ದುಡ್ಡು ಕೊಟ್ಟವರ ಋಣ ದೊಡ್ಡದೇ. ಆದರೂ ನನ್ನ ಲೆಕ್ಕದಲ್ಲಿ, ಚಳಿಯಲ್ಲಿ ಎದ್ದು ಬಂದು ನಟ್ಟು ಮುಟ್ಟಿ ನೋಡಿದ ಕೈಗಳ ಋಣ ಇನ್ನೂ ದೊಡ್ಡದು.

ಕೊನೆಯ ವರ್ಷದ ಪಂದ್ಯ ಹೇಳಲೇಬೇಕು. 2000 ಮೀಟರ್. ನಾನು ಐದನೇ ಸೀಟು. ಹುಟ್ಟು ಹಾಕುವವರಿಗೆ ಮುಗಿಯುವ ಗೆರೆ ಕಾಣುವುದಿಲ್ಲ. ಬೆನ್ನು ಅತ್ತ ಇರುತ್ತದೆ. ಮುಂದಿನದು ಕಾಕ್ಸ್‌ಗೆ ಮಾತ್ರ ಗೊತ್ತು. ನಮಗೆ ಕಾಣುವುದು ದಾಟಿ ಬಂದ ನೀರು, ದಾಟಿ ಬಂದ ದಡ. ಆ ದಡದ ಮೇಲೆ ಹಳೆಯ ವಿದ್ಯಾರ್ಥಿಗಳು ಸೈಕಲ್ ತುಳಿಯುತ್ತಾ, ಕೂಗುತ್ತಾ ಬರುತ್ತಿದ್ದರು. 1500 ದಾಟಿದಾಗ ನಾವೇ ಮುಂದಿದ್ದೆವು. ಆಗ ನನ್ನ ಹುಟ್ಟಿನ ಅಗಲ ತುದಿ, ಅಂದರೆ ಬ್ಲೇಡ್, ನೀರಿನಿಂದ ಹೊರಗೆ ಬರುವುದು ಒಂದು ಚೂರು ತಡವಾಯಿತು. ನೀರು ಅದನ್ನು ಹಿಡಿದುಕೊಂಡುಬಿಟ್ಟಿತು. ಹಿಡಿ ಬಂದು ಎದೆಗೆ ಗುದ್ದಿತು, ದೋಣಿ ಒಂದು ಕಡೆ ವಾಲಿತು. ರೋಯಿಂಗ್‌ನವರು ಇದಕ್ಕೆ ಕ್ರ್ಯಾಬ್ ಅನ್ನುತ್ತಾರೆ, ಏಡಿ ಹಿಡಿದ ಹಾಗೆ. ನಾನು ಹುಟ್ಟನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಪಕ್ಕದ ದೋಣಿ ಮುಂದೆ ಹೋಗಿತ್ತು.

ದಡಕ್ಕೆ ಬಂದ ಮೇಲೆ ನನಗೆ ತಲೆ ಎತ್ತಲು ಆಗಲಿಲ್ಲ. ಸರ್ ಹತ್ತಿರ ಬಂದು ಕೈಗೊಂದು ಬಟ್ಟೆ ಕೊಟ್ಟರು. 'ಬಾ, ದೋಣಿ ಒರೆಸೋಣ.' ಆ ಕಡೆ ಅವರು, ಈ ಕಡೆ ನಾನು. ಮೂತಿಯಿಂದ ಶುರು ಮಾಡಿ ಅಷ್ಟುದ್ದ ಒರೆಸಿದೆವು. ಐದನೇ ಸೀಟಿನ ಹತ್ತಿರ ಬಂದಾಗ ಅವರು ನಿಂತರು. ಹುಟ್ಟು ಕೂರುವ ಗೇಟಿನ ಕೆಳಗೆ ಬೆರಳಿಟ್ಟು ನೋಡಿದರು. 'ಈ ವರ್ಷ ನೀನು ಉದ್ದ ಆಗಿದ್ದೀಯ. ಗೇಟ್ ಹಳೇ ಎತ್ತರದಲ್ಲೇ ಇದೆ. ಒಂದು ವಾಷರ್ ಜಾಸ್ತಿ ಹಾಕಬೇಕಿತ್ತು, ನಾನು ನೋಡಲಿಲ್ಲ' ಅಂದರು. ತಪ್ಪು ನನ್ನದು ಅಂತ ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಭಾನುವಾರ ಬಂದು ನೋಡಿದರೆ ವಾಷರ್ ಹಾಕಿದ್ದರು.

ಸರ್ ಈಗಲೂ ಬರುತ್ತಾರೆ. ಮಂಡಿ ಬಗ್ಗುವುದಿಲ್ಲ, ಕುರ್ಚಿ ಹಾಕಿಕೊಂಡು ಕೂತು ಯಾವ ನಟ್ಟು ಅಂತ ಬೆರಳು ತೋರಿಸುತ್ತಾರೆ. ಸ್ಪ್ಯಾನರ್ ನನ್ನ ಜೇಬಿನಲ್ಲಿದೆ. ದೋಣಿಗಳು ಜಾಸ್ತಿಯಾಗಿವೆ, ಬಗ್ಗುವವರು ನಾವು ಮೂರೇ ಜನ. ಇದನ್ನು ಓದುತ್ತಿರುವ ಹಳೆಯ ಗೆಳೆಯರು ಒಂದು ಭಾನುವಾರ ಬನ್ನಿ. ಸ್ಲೈಡ್ ಒರೆಸಲು ಹಳೇ ಬನಿಯನ್ ಇದ್ದರೆ ತನ್ನಿ, ಹೊಸ ಬಟ್ಟೆಗಿಂತ ಅದೇ ಚೆನ್ನಾಗಿ ಕೊಳೆ ಹಿಡಿಯುತ್ತದೆ.