ರಿಪೇರಿ ಬರದವರು ಹಳೇ ಜಾವಾ, ಯೆಜ್ಡಿ ಇಟ್ಕೊಳ್ಳಬಹುದಾ?

ಪೆಟ್ರೋಲ್ ಬಂಕಿನಲ್ಲಿ ನಿಂತರೆ ಸಾಕು, ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ. "ನಂಗೂ ಒಂದು ಹಳೇ ಯೆಜ್ಡಿ ತಗೋಬೇಕು ಅಂತ ತುಂಬಾ ದಿನದಿಂದ ಆಸೆ. ಆದ್ರೆ ರಿಪೇರಿ ಗಿಪೇರಿ ಏನೂ ಬರಲ್ಲ. ನನ್ನಂಥವ್ರು ಇಟ್ಕೊಳ್ಳೋಕಾಗುತ್ತಾ?" ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿರುವಾಗ ಹೇಳಿ ಮುಗಿಸುವ ಉತ್ತರ ಅಲ್ಲ ಇದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಟ್ಕೊಳ್ಳಬಹುದು, ಧಾರಾಳವಾಗಿ. ಓಡುತ್ತಿರುವ ಬೈಕ್ ತಗೊಳ್ಳಿ, ತಗೊಂಡ ಮೇಲೆ ಓಡಿಸುತ್ತಲೇ ಇರಿ, ಅಷ್ಟೇ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಯಾರದೋ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಬೈಕ್ ಕಡಿಮೆಗೆ ಸಿಕ್ಕಿತು ಅಂತ ಟೆಂಪೋದಲ್ಲಿ ಹೇರಿಕೊಂಡು ಬರುತ್ತಾರೆ, ಆ ಉತ್ಸಾಹದಲ್ಲೇ ಎಲ್ಲಾ ಬಿಚ್ಚಿ ಹರಡುತ್ತಾರೆ, ಆಮೇಲೆ ಒಂದು ಪಾರ್ಟು ಸಿಗಲಿಲ್ಲ ಅಂತ ಉಳಿದದ್ದೆಲ್ಲಾ ಗೋಣಿಚೀಲ ಸೇರುತ್ತದೆ. ಮೊದಲ ಹಳೇ ಬೈಕು ಹಾಗೆ ಬರಬಾರದು. ಸ್ವಲ್ಪ ಜಾಸ್ತಿ ದುಡ್ಡಾದರೂ ಪರವಾಗಿಲ್ಲ, ಕಿಕ್ ಹೊಡೆದರೆ ಸ್ಟಾರ್ಟ್ ಆಗುವ, ದಿನಾ ಅಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ರೋಡಿಗಿಳಿಯುತ್ತಿದ್ದ ಗಾಡಿ ನೋಡಿ.

ನಾನು ಜಾವಾ, ಯೆಜ್ಡಿ ಬಗ್ಗೆ ಮಾತ್ರ ಹೇಳುತ್ತೇನೆ. ನನಗೆ ಗೊತ್ತಿರುವುದು ಅವೇ. ಮೇಲಾಗಿ ನಮ್ಮ ರಾಜ್ಯದಲ್ಲಿ ಹೊಸಬರಿಗೆ ಅವೇ ಅನುಕೂಲ. ಇವು ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಬೈಕುಗಳು. ಐಡಿಯಲ್ ಜಾವಾ ಕಂಪನಿ 1961ರಿಂದ ಅಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಬೈಕುಗಳನ್ನು ತಯಾರಿಸಿತು. 70ರ ದಶಕದಲ್ಲಿ ಹೆಸರು ಯೆಜ್ಡಿ ಅಂತಾಯಿತು. 1978ರಲ್ಲಿ ಯೆಜ್ಡಿಯ ರೋಡ್‌ಕಿಂಗ್ ಮಾಡೆಲ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಮತ್ತೆ ಬಂದ ಜಾವಾ ಹೆಸರಿಗೆ ಮಾತ್ರ ಅದೇ, ಅದು ಫೋರ್ ಸ್ಟ್ರೋಕ್ ಗಾಡಿ, ಹಳೆಯದರ ಒಂದು ನಟ್ಟೂ ಅದಕ್ಕೆ ಕೂರಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಶೋರೂಮಿನಲ್ಲಿ ಹಳೇ ಗಾಡಿಗೆ ಪಿಸ್ಟನ್ ಕೇಳುವವರು ಇದ್ದಾರೆ, ಪಾಪ.

ಅನುಕೂಲ ಯಾಕೆ ಅಂದರೆ ಎಂಜಿನ್ ಅಷ್ಟು ಸರಳ. 250 ಸಿಸಿ, ಟೂ ಸ್ಟ್ರೋಕ್. ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಹೆಡ್ ಬಿಚ್ಚಿದರೆ ಪಿಸ್ಟನ್ ಕಣ್ಣೆದುರಿಗೇ ಕಾಣುತ್ತದೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ: ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಮುಂದಕ್ಕೆ ಬಗ್ಗಿಸಿದರೆ ಗೇರ್. ಹಳೇ ಜಾವಾದಲ್ಲಿ ಗೇರ್ ಒತ್ತಿದರೆ ಕ್ಲಚ್ ಕೂಡ ತಾನೇ ಬಿಡಿಸಿಕೊಳ್ಳುತ್ತದೆ. ಹಾಗಂತ ಕೈ ಕ್ಲಚ್ ಮರೆಯಬೇಡಿ, ಬೇರೆ ಬೈಕ್ ಹತ್ತಿದಾಗ ತೊಂದರೆ. 350 ಸಿಸಿ ಟ್ವಿನ್, ಅಂದರೆ ಎರಡು ಸಿಲಿಂಡರಿನ ಗಾಡಿ ನೋಡಿ ಮನಸ್ಸು ಕರಗುತ್ತದೆ, ನಿಜ. ಮೊದಲ ಗಾಡಿಯಾಗಿ ಅದು ಬೇಡ. ಪಾರ್ಟು ಹುಡುಕಿ ಸುಸ್ತಾಗುತ್ತೀರಿ.

ಈಗ ಯಾರೂ ಕೇಳದ, ಆದರೆ ಕೇಳಲೇಬೇಕಾದ ವಿಷಯ. ಕಾಗದ.

ನಾನು ಯಾರ ಜೊತೆ ಬೈಕ್ ನೋಡಲು ಹೋದರೂ ಮೊದಲು ಆರ್‌ಸಿ ನೋಡುತ್ತೇನೆ, ಆಮೇಲೆ ಎಂಜಿನ್. ಕೆಟ್ಟ ಎಂಜಿನ್ ದುಡ್ಡು ಕೊಟ್ಟರೆ ಸರಿಹೋಗುತ್ತದೆ, ಕೆಟ್ಟ ಕಾಗದ ಕೆಲವು ಸಲ ಏನು ಕೊಟ್ಟರೂ ಸರಿಹೋಗಲ್ಲ. ಖಾಸಗಿ ಬೈಕಿನ ನೋಂದಣಿ ಮೊದಲ 15 ವರ್ಷ ನಡೆಯುತ್ತದೆ. ಅಲ್ಲಿಂದ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ಫಾರಂ 25. ನಮ್ಮ ಮಂದಿ ಬಾಯಿಮಾತಿನಲ್ಲಿ ಎಫ್‌ಸಿ ಅನ್ನುವುದು ಇದನ್ನೇ. ಹೀಗಾಗಿ 1975ರ ಗಾಡಿ ಅಂದರೆ ಇಷ್ಟರಲ್ಲಿ ಹಲವು ಸಲ ಎಫ್‌ಸಿ ಆಗಿರಬೇಕು. ಎಫ್‌ಸಿ ಯಾವ ವರ್ಷಕ್ಕೆ ನಿಂತಿದೆ, ಎಷ್ಟು ವರ್ಷದಿಂದ ಆಗಿಲ್ಲ ನೋಡಿ, ಬಾಕಿ ಮತ್ತು ದಂಡದ ಲೆಕ್ಕ ಹಾಕಿಯೇ ಬೆಲೆ ಮಾತಾಡಿ.

ಹೆಸರಿನದು ಇನ್ನೊಂದು ತಲೆನೋವು. ಹಳೇ ಬೈಕುಗಳಲ್ಲಿ ಎಷ್ಟೋ ಇನ್ನೂ ತೀರಿಕೊಂಡ ತಾತನ ಹೆಸರಿನಲ್ಲೇ ಇರುತ್ತವೆ. ಮಾರುವವರು "ಸಹಿ ಹಾಕಿದ ಫಾರಂ 29, 30 ಇದೆ, ನೀವೇ ಮಾಡಿಸ್ಕೊಳ್ಳಿ" ಅನ್ನುತ್ತಾರೆ. ಮಾಲೀಕರ ಹೆಸರು ಬದಲಾಯಿಸುವ ಫಾರಂಗಳು ಅವು. ಮಾಲೀಕರೇ ಇಲ್ಲದ ಮೇಲೆ ಆ ಸಹಿ ಯಾರದು? ತೀರಿಕೊಂಡವರ ಗಾಡಿಗೆ ಫಾರಂ 31 ಬೇಕು, ವಾರಸುದಾರರ ಹೆಸರಿಗೆ ಮೊದಲು ಬಂದು ಆಮೇಲೆ ನಿಮ್ಮ ಹೆಸರಿಗೆ ಬರಬೇಕು. ಅದನ್ನು ಮಾರುವವರಿಂದಲೇ ಮಾಡಿಸಿ. ಅಲ್ಲಿಯವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಸ್ನೇಹಿತರೇ ಆದರೂ ಕೊಡಬೇಡಿ.

ಹಳೇ ಕೈಬರಹದ ಆರ್‌ಸಿ ಪುಸ್ತಕಗಳು ಎಷ್ಟೋ ಸಲ ಕಂಪ್ಯೂಟರಿಗೆ ಏರಿರುವುದಿಲ್ಲ. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಬರದಿದ್ದರೆ ಹೆದರಬೇಡಿ, ಆದರೆ ಗಾಡಿ ನೋಂದಣಿಯಾದ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಅವರ ದಾಖಲೆಯಲ್ಲಿರುವ ವಿವರದ ಪ್ರತಿ, ತೆಗೆಸದೆ ಮುಂದೆ ಹೋಗಬೇಡಿ. ಎಂಜಿನ್ ನಂಬರ್, ಚಾಸಿ ನಂಬರ್, ಮಾಲೀಕರ ಹೆಸರು ಎಲ್ಲಾ ಅದರಲ್ಲಿರುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಗಾಡಿಯ ಮೇಲಿನ ಜಿಡ್ಡು ಒರೆಸಿ, ಟಾರ್ಚ್ ಬಿಟ್ಟು ಒಂದೊಂದೇ ಅಂಕಿ ಹೋಲಿಸಿ. ಎಂಜಿನ್ ಬದಲಾಗಿದ್ದು ಕಾಗದದಲ್ಲಿ ಬದಲಾಗದೇ ಇದ್ದರೆ, ಎಷ್ಟೇ ಚೆಂದ ಇದ್ದರೂ ವಾಪಸ್ ಬನ್ನಿ.

"ಇದು ವಿಂಟೇಜ್ ಸಾರ್, ಇದಕ್ಕೆ ಎಫ್‌ಸಿ ಗಿಫ್‌ಸಿ ಬೇಡ" ಅಂತ ಹೇಳುವ ದಲ್ಲಾಳಿಗಳಿದ್ದಾರೆ. ಸುಮ್ನೆ ಬುರುಡೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಇಟ್ಟರು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥದಕ್ಕೆ ಮಾತ್ರ. ಓಡಿಸಬೇಕು ಅನ್ನುವ ನಮ್ಮಂಥವರಿಗೆ ಅದು ಯಾಕೆ? ಮಾಮೂಲಿ ಎಫ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಇಟ್ಟುಕೊಂಡು ಓಡಿಸುವುದೇ ಒಳ್ಳೆಯದು.

ಇನ್ನು ಗಾಡಿ ನೋಡುವುದು. ಮಾರುವವರಿಗೆ ಫೋನ್ ಮಾಡಿ, ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ. ಬಿಸಿ ಇದ್ದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಲು ಸತಾಯಿಸುವ ಗಾಡಿ ಇರಬಹುದು. ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ, ತುಕ್ಕು ಅಲ್ಲೇ ಸಿಗುತ್ತದೆ. ಪ್ರತಿ ಗೇರಿನಲ್ಲೂ ಎಳೆಸಿ ಓಡಿಸಿ, ಗೇರ್ ತಾನಾಗೇ ಕಳಚಿಕೊಳ್ಳುತ್ತಾ ನೋಡಿ. ಹೊಸ ಪೇಂಟ್ ಫಳಫಳ ಅನ್ನುತ್ತಿದ್ದರೆ ನನಗಂತೂ ಅನುಮಾನ ಜಾಸ್ತಿ. ಪುಟ್ಟಿಯ ಕೆಳಗೆ ಏನಿದೆಯೋ ಯಾರಿಗೆ ಗೊತ್ತು? ಮಾಸಿದ ಬಣ್ಣ, ಗೀರು ಬಿದ್ದ ಕ್ರೋಮ್ ಇರುವ ಗಾಡಿ ಏನನ್ನೂ ಮುಚ್ಚಿಡುವುದಿಲ್ಲ.

ಹೊಗೆಯನ್ನು ಸರಿಯಾಗಿ ನೋಡಿ. ಟೂ ಸ್ಟ್ರೋಕ್ ಅಂದಮೇಲೆ ಸ್ಟಾರ್ಟ್ ಮಾಡಿದಾಗ ಹೊಗೆ ಬಂದೇ ಬರುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಸುರಿಯುತ್ತಲೇ ಇದ್ದರೆ, ಜೊತೆಗೆ ಗೇರ್ ಬಾಕ್ಸಿನಲ್ಲಿ ಆಯಿಲ್ ಆಗಾಗ ಕಡಿಮೆಯಾಗುತ್ತಿದ್ದರೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ (ಎಂಜಿನ್ ಒಳಕ್ಕೆ ಆಯಿಲ್, ಗಾಳಿ ನುಗ್ಗದ ಹಾಗೆ ತಡೆಯುವ ರಬ್ಬರ್ ಬಳೆ) ಹೋಗಿದೆ, ಎಂಜಿನ್ ಗೇರ್ ಆಯಿಲನ್ನೇ ಕುಡಿಯುತ್ತಿದೆ ಅಂತ ಅರ್ಥ. ಇನ್ನೊಂದು ಕಡೆಯ, ಅಂದರೆ ಡೈನಮೊ ಕಡೆಯ ಸೀಲ್ ಹೋದರೆ ಹೊಗೆ ಬರಲ್ಲ. ಗಾಳಿ ಎಳೆಯುತ್ತದೆ, ಸ್ಲೋ ನಿಲ್ಲಲ್ಲ, ಎಷ್ಟು ಟ್ಯೂನಿಂಗ್ ಮಾಡಿದರೂ ಒಂದೊಂದು ಸಲ ತಾನಾಗೇ ರೇಸ್ ಆಗುತ್ತದೆ. ಇದು ಗೊತ್ತಿಲ್ಲದೆ ಕಾರ್ಬೊರೇಟರ್ ಮೇಲೆ ಕಾರ್ಬೊರೇಟರ್ ಬದಲಾಯಿಸಿದವರನ್ನು ನೋಡಿದ್ದೇನೆ. ಸೀಲಿನ ಬೆಲೆ ಏನೂ ಅಲ್ಲ, ಅದನ್ನು ಹಾಕಲು ಬಿಚ್ಚುವ ಕೆಲಸಕ್ಕೇ ದುಡ್ಡು.

ರಿಪೇರಿ ಬರಲ್ಲ ಅಂದಿರಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಕೆಲವು ಚಿಕ್ಕ ಕೆಲಸ ಮಾತ್ರ ನಿಮ್ಮ ಕೈಯಲ್ಲೇ ಆಗಬೇಕು, ಪ್ರತಿಸಲ ಮೆಕ್ಯಾನಿಕ್ ಹತ್ತಿರ ಓಡಿದರೆ ಬೈಕೂ ಬೇಜಾರು, ಮೆಕ್ಯಾನಿಕ್ಕೂ ಬೇಜಾರು. ಮೊದಲನೆಯದು ಆಯಿಲ್. ಆಯಿಲ್ ಕಿಂಗ್ ಅನ್ನುವ ಮಾಡೆಲ್ ಬಿಟ್ಟರೆ ಇವುಗಳಲ್ಲಿ ಟೂ ಟಿ ಆಯಿಲನ್ನು, ಅಂದರೆ ಟೂ ಸ್ಟ್ರೋಕ್ ಗಾಡಿಯ ಆಯಿಲನ್ನು, ಪೆಟ್ರೋಲಿಗೇ ಬೆರೆಸಬೇಕು. ಲೀಟರಿಗೆ 40 ಎಂಎಲ್, ಅಂದರೆ 25ಕ್ಕೆ 1. ಇವತ್ತಿನ ಆಯಿಲ್ ಚೆನ್ನಾಗಿದೆ, ಕಡಿಮೆ ಸಾಕು ಅನ್ನುವವರಿದ್ದಾರೆ. ಗಾಡಿಯ ಸ್ವಭಾವ ಗೊತ್ತಾಗುವವರೆಗೆ ನೀವು ಇದರಲ್ಲೇ ಇರಿ. ಆಯಿಲ್ ಜಾಸ್ತಿಯಾದರೆ ಪ್ಲಗ್ ಕಪ್ಪಾಗುತ್ತದೆ, ಒರೆಸಿ ಹಾಕಬಹುದು. ಕಡಿಮೆಯಾದರೆ ಪಿಸ್ಟನ್ ಜಾಮ್ ಆಗುತ್ತದೆ, ಆಮೇಲೆ ಲೇತ್ ಅಂಗಡಿಯಲ್ಲಿ ರೀಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೆ ಕೊರೆಸಿ ಅಗಲ ಮಾಡಿಸಿ, ಅದಕ್ಕೆ ಕೂರುವ ಓವರ್‌ಸೈಜ್ ಪಿಸ್ಟನ್ ಹುಡುಕಬೇಕು.

ಪ್ಲಗ್ ಬಿಚ್ಚಿ ನೋಡುವುದು ಕಲಿಯಿರಿ. ಕಾಫಿಪುಡಿ ಬಣ್ಣ ಇದ್ದರೆ ಎಲ್ಲಾ ಸರಿ. ಬೆಳ್ಳಗಾಗಿದ್ದರೆ ಎಂಜಿನ್ ಅತಿ ಬಿಸಿಯಾಗುತ್ತಿದೆ, ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಜೇಬಿನಲ್ಲಿ ಒಂದು ಹೊಸ ಪ್ಲಗ್, ಸೀಟಿನ ಕೆಳಗೆ ಪ್ಲಗ್ ಸ್ಪ್ಯಾನರ್ ಸದಾ ಇರಲಿ. ಪಾಯಿಂಟ್ (ತೆರೆದು ಮುಚ್ಚಿ ಪ್ಲಗ್ಗಿಗೆ ಕಿಡಿ ಕೊಡಿಸುವ ಸ್ವಿಚ್ಚು) ಇರುವ ಗಾಡಿಯಾದರೆ, ಗ್ಯಾಪ್ ಅಳೆಯಲು ಒಂದು ಫೀಲರ್ ಗೇಜ್ ಕೊಂಡುಕೊಳ್ಳಿ, ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ದಿಢೀರನೆ ಸ್ಟಾರ್ಟ್ ಆಗದೇ ಹೋದಾಗ ಎಷ್ಟೋ ಸಲ ಕಾರಣ ಪಾಯಿಂಟಿನ ಮೇಲಿನ ಜಿಡ್ಡೇ ಆಗಿರುತ್ತದೆ, ಒಂದು ಬಿಳಿ ಕಾಗದ ನಡುವೆ ತೂರಿಸಿ ಎಳೆದರೆ ಮುಗೀತು. ಗಾಡಿ ನಿಲ್ಲಿಸಿದ ತಕ್ಷಣ ಪೆಟ್ರೋಲ್ ಟ್ಯಾಪ್ ಮುಚ್ಚಿ. ಮುಚ್ಚದೇ ಬಿಟ್ಟು, ಕಾರ್ಬೊರೇಟರ್ ಒಳಗಿನ ನೀಡಲ್ ಸೋರುತ್ತಿದ್ದರೆ, ರಾತ್ರಿಯೆಲ್ಲಾ ಪೆಟ್ರೋಲ್ ಕ್ರ್ಯಾಂಕ್ ಕೇಸಿಗೆ ಇಳಿದು ಬೆಳಿಗ್ಗೆ ಕಿಕ್ಕರೇ ಒತ್ತಲಾಗದು.

ಘಾಟಿಯಲ್ಲಿ ಇಳಿಯುವಾಗ ಒಂದು ಮಾತು ನೆನಪಿರಲಿ. ಇದನ್ನು ಫೋರ್ ಸ್ಟ್ರೋಕ್‌ನಿಂದ ಬಂದವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಆ್ಯಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಉದ್ದಕ್ಕೂ ಇಳಿಯುತ್ತಾ ಹೋದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಆದರೆ ಪೆಟ್ರೋಲ್ ಹೋಗುತ್ತಿರುವುದು ತೀರಾ ಕಡಿಮೆ. ಪೆಟ್ರೋಲ್ ಹೋಗದಿದ್ದರೆ ಅದರ ಜೊತೆಗಿನ ಆಯಿಲೂ ಹೋಗಲ್ಲ, ಅಲ್ವಾ? ಆದ್ದರಿಂದ ಇಳಿಯುವಾಗ ನಡುನಡುವೆ ಕ್ಲಚ್ ಹಿಡಿದು ಒಂದೊಂದು ಸಲ ರೇಸ್ ಕೊಡಿ. ಬ್ರೇಕ್ ಎರಡೂ ಡ್ರಮ್. ಮುಂದಿನ ಬಸ್ಸಿಗೆ ಅಂಟಿಕೊಂಡು ಇಳಿಯುವ ಧೈರ್ಯ ಬೇಡ.

ಪಾರ್ಟು ಎಲ್ಲಿ ಸಿಗುತ್ತೆ ಅನ್ನುವುದು ಮುಂದಿನ ಪ್ರಶ್ನೆ. ಬೆಂಗಳೂರಿನ ಜೆ.ಸಿ. ರೋಡು, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಮೆಕ್ಯಾನಿಕ್‌ಗಳು. ಬೇರಿಂಗ್, ಆಯಿಲ್ ಸೀಲ್‌ಗಳಿಗೆ ಜಾವಾ ಅಂತ ಕೇಳಬೇಕಾಗಿಲ್ಲ, ಮೇಲಿನ ನಂಬರ್ ಅಥವಾ ಅಳತೆ ಬರೆದುಕೊಂಡು ಯಾವುದಾದರೂ ಒಳ್ಳೆ ಬೇರಿಂಗ್ ಅಂಗಡಿಗೆ ಹೋಗಿ. ಆದರೆ ಲೋಕಲ್ ಪಿಸ್ಟನ್, ಲೋಕಲ್ ಗೇರುಗಳ ವಿಷಯದಲ್ಲಿ ಜೋಪಾನ. ನೋಡಲು ಹೊಸದಾಗಿರುತ್ತದೆ, ಹಳೆಯದರ ಕಾಲು ಭಾಗವೂ ಬಾಳಿಕೆ ಬರಲ್ಲ. ಬಿಚ್ಚಿದ ಒರಿಜಿನಲ್ ಪಾರ್ಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಸವೆದಿದ್ದರೂ ಮನೆಗೆ ತನ್ನಿ.

ಹಳೇ ಜಾವಾ 6 ವೋಲ್ಟ್ ಗಾಡಿ. ಬ್ಯಾಟರಿ ಸತ್ತರೆ ಕರೆಂಟೂ ಇಲ್ಲ, ಹೆಡ್‌ಲೈಟಂತೂ ಇದ್ದೂ ಇಲ್ಲದಂತೆ. ರಾತ್ರಿ ಓಡಿಸುವವರು 12 ವೋಲ್ಟಿಗೆ ಬದಲಾಯಿಸಿಕೊಂಡರೆ ತಪ್ಪೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಒರಿಜಿನಲ್ ಪಕ್ಷದವರು ನನಗೆ ಬಯ್ಯುತ್ತಾರೆ, ಬಯ್ಯಲಿ. ಹಳೆಯದನ್ನು ಡಬ್ಬಿಯಲ್ಲಿ ಕಟ್ಟಿಡಿ, ಬೇಕಾದಾಗ ವಾಪಸ್ ಹಾಕಬಹುದು.

ನಿಲ್ಲಿಸಬೇಡಿ ಅಂತ ಮೊದಲೇ ಹೇಳಿದ್ದಕ್ಕೆ ಈಗ ಇನ್ನೊಂದು ಕಾರಣ ಸೇರಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡಾ 20ರವರೆಗೆ ಎಥನಾಲ್. ಅದು ನೀರು ಹೀರುತ್ತದೆ, ಹಳೇ ರಬ್ಬರ್ ಪೈಪು ಮತ್ತು ವಾಷರುಗಳನ್ನು ಕೆಡಿಸುತ್ತದೆ, ಟ್ಯಾಂಕಿಗೆ ತುಕ್ಕು ತರುತ್ತದೆ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ಆಫ್ ಮಾಡುವುದು ಪ್ರಯೋಜನವಿಲ್ಲ, ಸೈಲೆನ್ಸರಿನಲ್ಲಿ ಜಿಡ್ಡು ತುಂಬುತ್ತದೆ ಅಷ್ಟೇ. ತಿಂಗಳುಗಟ್ಟಲೆ ಊರಿಗೆ ಹೋಗುವುದಿದ್ದರೆ ಟ್ಯಾಂಕ್, ಕಾರ್ಬೊರೇಟರ್ ಎರಡನ್ನೂ ಖಾಲಿ ಮಾಡಿ, ಟ್ಯಾಂಕಿನ ಒಳಗೆ ಸ್ವಲ್ಪ ಆಯಿಲ್ ಸುತ್ತಿಸಿ ಹೋಗಿ.

ಖರ್ಚು ಎಷ್ಟು ಅಂದರೆ, ಬೈಕಿಗೆ ಕೊಟ್ಟ ದುಡ್ಡಿನ ಅರ್ಧದಷ್ಟು ಮೊದಲ ವರ್ಷಕ್ಕೆ ಅಂತ ಪಕ್ಕಕ್ಕಿಡಿ ಅನ್ನುತ್ತೇನೆ. ಟೈರು, ಕೇಬಲ್, ಕ್ಲಚ್ ಪ್ಲೇಟು, ಬ್ರೇಕ್ ಶೂ, ಎಫ್‌ಸಿ ಎಲ್ಲಾ ಒಟ್ಟಿಗೇ ಬರುತ್ತವೆ. ಎರಡನೇ ವರ್ಷ ಸುಮ್ಮನಾಗುತ್ತದೆ. ದಿನಾ ಆಫೀಸಿಗೆ ಇದರಲ್ಲೇ ಹೋಗ್ತೀನಿ ಅನ್ನುವವರು ಮನೆಯಲ್ಲಿರೋ ಸ್ಕೂಟರ್ ಮಾತ್ರ ಮಾರಬೇಡಿ. ಮನೆಯವರ ಜೊತೆ ಜಗಳ ಆಗುವುದು ಬೈಕ್ ತಂದ ದಿನ ಅಲ್ಲ, ಸ್ಕೂಟರ್ ಮಾರಿ ಆಮೇಲೆ ಒಂದು ಬೆಳಿಗ್ಗೆ ಇದು ಸ್ಟಾರ್ಟ್ ಆಗದ ದಿನ.

ಇನ್ನೂ ಧೈರ್ಯ ಸಾಲದಿದ್ದರೆ ಜುಲೈ ಎರಡನೇ ಭಾನುವಾರದವರೆಗೆ ಕಾಯಿರಿ. ಪ್ರತಿವರ್ಷ ಅವತ್ತು ಜಾವಾ ದಿನ, ಬೆಂಗಳೂರು, ಮೈಸೂರು ಎರಡೂ ಕಡೆ ಗಾಡಿಗಳು ಸೇರುತ್ತವೆ. ಯಾವ ಗಾಡಿ ಮಾರಾಟಕ್ಕಿದೆ ಅಂತ ಹುಡುಕುತ್ತಾ ಹೋಗಬೇಡಿ. ನಿಮ್ಮ ಊರಿನ, ನಿಮ್ಮ ಏರಿಯಾದ ನಂಬರ್ ಇರುವವರನ್ನು ಹಿಡಿದು, ಅಣ್ಣಾ ನಿಮ್ಮ ಗಾಡಿ ಯಾರ ಹತ್ತಿರ ಬಿಡ್ತೀರ ಅಂತ ಕೇಳಿ. ಆ ಮೆಕ್ಯಾನಿಕ್ ವಿಳಾಸ ಸಿಕ್ಕಮೇಲೆ ಬೈಕ್ ಹುಡುಕಲು ಶುರುಮಾಡಿ.